ಫಲಾನುಭವಿಯ ಹೆಸರು

ಕೈಯಲ್ಲೊಂದು ಸಮೀಕ್ಷೆಯ ಹಾಳೆ ಇದ್ದರೆ ನನಗೆ ಎಲ್ಲಿಲ್ಲದ ಧೈರ್ಯ. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯೆನ್ನಲು ಹೆದರುವ ನಾನು, ಹಾಳೆ ಹಿಡಿದರೆ ಊರಿಗೆ ಊರನ್ನೇ ಉದ್ಧಾರ ಮಾಡಲು ಹೊರಡುತ್ತೇನೆ. ಹಳ್ಳಿಯ ಊಟದಿಂದಲೇ ಹಳ್ಳಿಯ ಅಭಿವೃದ್ಧಿ ಹೇಗೆ ಎಂಬುದು ಹುಣಸೂರಿನ ನಮ್ಮ ಕಚೇರಿಯ ಸಂಶೋಧನೆ. ಹಾಗೆ ಕಂಪಲಾಪುರದ ಆಚೆಯ ಹಳ್ಳಿಯೊಂದಕ್ಕೆ ಹೋಗಿ, ಟೀ ಅಂಗಡಿಯಲ್ಲಿದ್ದ ಗಂಡಸರನ್ನೆಲ್ಲ "ತರಕಾರಿ, ಕಾಳು ಬೆಳೆಯುತ್ತೀರಾ?" ಎಂದು ಕೇಳಿದೆ. "ಎಲ್ಲಿ ಬುಡಿ ಸಾ, ರಾಗಿ, ಹೊಗೆಸೊಪ್ಪು ಅಷ್ಟೇಯ" ಎಂದರು. ಹಾಳೆಯಲ್ಲಿ ಪ್ರತಿ ಮನೆಯ ಹೆಸರಿನ ಮುಂದೆಯೂ 'ಇಲ್ಲ' ಎಂದು ಬರೆದೆ. 'ಇಲ್ಲ' ಎಂದ ಊರಿಗೆ ನಮ್ಮ ಕಚೇರಿಯಿಂದ ಕಂಪನಿ ಬೀಜದ ಪೊಟ್ಟಣ ಬರುತ್ತದೆ. ದೊಡ್ಡ ಉಪಕಾರ ಮಾಡಿದೆನೆಂದು ಬೀಗಿದೆ.

ಅವರಲ್ಲೊಬ್ಬರು, ಶಿವಣ್ಣ, ಮಧ್ಯಾಹ್ನ ಊಟಕ್ಕೆ ಕರೆದೊಯ್ದರು. ಅವರ ಹೆಂಡತಿ ಕಾಳಮ್ಮ ಮುದ್ದೆ, ಅವರೆಕಾಳಿನ ಸಾರು, ಹುಚ್ಚೆಳ್ಳು ಚಟ್ನಿ, ಕುಂಬಳಕಾಯಿ ಪಲ್ಯ ಬಡಿಸಿದರು. ಎಲ್ಲಿಂದ ತಂದಿರಿ ಎಂದೆ.

"ತರಾದೇನ್ ಬಂತು? ನಮ್ ಅಕ್ಕಡಿ ಸಾಲಿಂದು ಕಣಪ್ಪ" ಎಂದರು ಕಾಳಮ್ಮ.

ರಾಗಿ ಹೊಲದಲ್ಲಿ ಕಾಳು, ತರಕಾರಿಗೆಂದು ನಡುನಡುವೆ ಬಿಡುವ ಸಾಲು ಅದು. ಬಿತ್ತುವುದು, ಕೊಯ್ಯುವುದು ಎಲ್ಲ ಹೆಂಗಸರೇ. ಮತ್ತೆ ಇಲ್ಲವೆಂದಿರಲ್ಲ ಎಂದು ಶಿವಣ್ಣನನ್ನು ಕೇಳಿದರೆ, "ಅದು ಬೆಳೆ ಅಲ್ಲ ಸಾ, ಸಾರಿಗೆ!" ಎಂದುಬಿಟ್ಟರು.

ಕಾಳಮ್ಮ ಒಲೆಯ ಮೇಲೆ ತೂಗುಬಿಟ್ಟ ಒಣ ಸೋರೆಬುರುಡೆಗಳನ್ನು ಇಳಿಸಿದರು. ಒಳಗೆ ಬೂದಿ, ಬೂದಿಯೊಳಗೆ ಬೀಜ. ಬುರುಡೆಗೊಂದು ತಳಿ. "ಯಾರ್ದಾರ ಬೀಜುಕ್ಕೆ ಉಳ ಇಡುದ್ರೆ ನಮ್ತಾವ ಇಸ್ಕೊಂಡೋಯ್ತಾರೆ, ಬೆಳುದ್ಮೇಲೆ ತಂದ್ಕೊಡ್ತಾರೆ. ಬಿತ್ತನೆ ಮಾರಾಕಿಲ್ಲ ನಾವು."

ನಾನು ತಿಂಗಳುಗಟ್ಟಲೆ ಓದಿ ಟಿಪ್ಪಣಿ ಮಾಡಿದ್ದೆಲ್ಲ ಈ ಅಡುಗೆಮನೆಯಲ್ಲಿ ಹೊಗೆ ಹಿಡಿದು ತೂಗುತ್ತಿತ್ತು. ನನ್ನ 'ಇಲ್ಲ' ನಂಬಿ ಪೊಟ್ಟಣ ಬಂದು, ಊರೆಲ್ಲ ಅದನ್ನೇ ಬಿತ್ತಿದ್ದರೆ ಈ ಬುರುಡೆಗಳು ಬರಿದಾಗುತ್ತಿದ್ದವು. ನಾಚಿಕೆಯಾಯಿತು.

"ನಿಮ್ಮನೇಲಿ ಏನೇನ್ ಬೆಳೀತೀರಿ?" ಈಗ ಕಾಳಮ್ಮನ ಸಮೀಕ್ಷೆ.

"ಎರಡನೇ ಮಹಡಿ, ಏನೂ ಇಲ್ಲ."

"ಕೊತ್ಮಿರಿ ಸೊಪ್ಪೂ?"

"ಅದೂ ಇಲ್ಲ."

ಅವರ ಮುಖದಲ್ಲಿ ಮೂಡಿದ ಕನಿಕರವನ್ನು ನಾನು ಜನ್ಮದಲ್ಲಿ ಮರೆಯಲಾರೆ. ಒಂದು ಹಿಡಿ ಅವರೆ ಬೀಜ ಬಟ್ಟೆಯಲ್ಲಿ ಕಟ್ಟಿ, "ಕುಂಡದಲ್ಲಾರ ಆಕಿ. ಬೆಳುದು ವಾಪಸ್ ತರ್ಬೇಕು, ಮತ್ತೆ!" ಎಂದರು.

ಸಂಜೆಯವರೆಗೆ ಮನೆಮನೆಗೆ ಹೋಗಿ, ಈ ಸಲ ಹೆಂಗಸರನ್ನು ಕೇಳಿ, ಎಲ್ಲ 'ಇಲ್ಲ'ಗಳನ್ನೂ 'ಇದೆ' ಎಂದು ತಿದ್ದಿದೆ. ಮರುದಿನ ಕಚೇರಿಯಲ್ಲಿ ಮೇಲಧಿಕಾರಿ ಹಾಳೆಗಳನ್ನು ತಿರುವಿಹಾಕಿ ಸಿಡುಕಿದರು: "ಬೀಜ ಬೇಕಾದವರು ಊರಲ್ಲಿ ಒಬ್ಬರೂ ಇಲ್ಲವೇನ್ರೀ? ಫಲಾನುಭವಿಯ ಹೆಸರು ಖಾಲಿ ಬಿಡುವ ಹಾಗಿಲ್ಲ."

ಜೇಬಿನಲ್ಲಿದ್ದ ಅವರೆ ಬೀಜದ ಗಂಟನ್ನು ಮುಟ್ಟಿಕೊಂಡು, ನನ್ನ ಹೆಸರನ್ನೇ ಬರೆದೆ.