ಅರಮನೆಯ ಲೈಟು ಮತ್ತೆ ಹಾಕಲ್ಲ

"ಮೈಸೂರಲ್ಲಿ ಮಾತೆಲ್ಲ ನನಗೆ ಬಿಡಿ. ನೀವಿಬ್ಬರು ಬಾಯಿ ಮುಚ್ಚಿ ಇರಿ" ಎಂದು ಮುಂಡಪ್ಪನವರು ಬಂಟ್ವಾಳದ ಹತ್ತಿರದ ಮೆಲ್ಕಾರಿನಲ್ಲಿ ಬಸ್ಸು ಹತ್ತುವಾಗಲೇ ಹೆಂಡತಿ, ಮಗಳಿಗೆ ಆಜ್ಞೆ ಹೊರಡಿಸಿದ್ದರು. ಮನೆಯಲ್ಲಿ ಆಡುವುದು ತುಳು. ಆದರೆ ಅವರ ಪೈಂಟಿನ ಅಂಗಡಿಗೆ ಬರುವ ಇಂಜಿನಿಯರುಗಳೊಡನೆ ಅವರಾಡುವ ಕನ್ನಡವಿದೆಯಲ್ಲ, ಅಷ್ಟು ಶುದ್ಧ ಕನ್ನಡ ಮೈಸೂರಿನವರಿಗೆ ಬರುತ್ತದೋ ಇಲ್ಲವೋ ಎಂಬುದೇ ಅವರ ಚಿಂತೆ.

ಹೆಂಡತಿ ಶಶಿಪ್ರಭಾಗೆ ಬೇಕಿದ್ದದ್ದು ಒಂದೇ. ಏಳನೇ ಕ್ಲಾಸಿನ ಟೂರಿನಲ್ಲಿ, ಆದಿತ್ಯವಾರ ಸಂಜೆ ಅರಮನೆಯ ದೀಪಗಳೆಲ್ಲ ಒಟ್ಟಿಗೆ ಹೊತ್ತುವ ಹೊತ್ತಿಗೆ, ಅವರು ವಾಂತಿ ತಡೆಯಲಾರದೆ ಬಸ್ಸಿನಲ್ಲಿ ಲಿಂಬೆಹಣ್ಣು ಮೂಸುತ್ತ ಮಲಗಿದ್ದರು. ಹೊರಗೆ ಗೆಳತಿಯರೆಲ್ಲ "ಹೋ" ಎಂದದ್ದು ಮಾತ್ರ ಕೇಳಿಸಿತ್ತು. "ಹೊತ್ತಿದ ಲೈಟು ಕ್ಯಾಲೆಂಡರಿನಲ್ಲಿಯೂ ಉಂಟು. ನನಗೆ ಹೊತ್ತುವುದನ್ನು ನೋಡ್ಬೇಕು" ಎಂದು ಮದುವೆಯಾದಂದಿನಿಂದ ಹೇಳುತ್ತಲೇ ಇದ್ದರು. "ಮತ್ತೆ ಹೋಗುವ" ಎಂದು ಮುಂಡಪ್ಪನವರೂ ಅಂದಿನಿಂದ ಹೇಳುತ್ತಲೇ ಇದ್ದರು. ನಮ್ಮ ಕಡೆ 'ಮತ್ತೆ' ಎಂದರೆ 'ಆಮೇಲೆ'. ಆ ಆಮೇಲೆ ಬರಬೇಕಾದರೆ ಮಗಳು ಪ್ರಾಪ್ತಿ ಪಿಯುಸಿ ಮುಗಿಸಬೇಕಾಯಿತು.

ಮೈಸೂರಿನಲ್ಲಿ ಶುದ್ಧ ಕನ್ನಡದ ಮೊದಲ ಪ್ರಯೋಗ ಒಂದು ಹೋಟೆಲಿನಲ್ಲಿ ನಡೆಯಿತು. ಬಾಯಾರಿ ಬೆವರಿದ್ದ ಮುಂಡಪ್ಪನವರು ಕುರ್ಚಿಯಲ್ಲಿ ಕುಕ್ಕರಿಸಿದರು.

"ಮೂರು ಬೊಂಡ ಕೊಡಿ."

"ಬಿಸಿ ಇದೆ ಸಾರ್. ಚಟ್ನಿ ಹಾಕ್ಲಾ?"

ತಾವು ಕೇಳಿದ ಎಳನೀರಿಗೆ ಚಟ್ನಿ ಯಾಕಪ್ಪ ಎಂದು ಅವರು ಯೋಚಿಸುವುದರೊಳಗೆ ಎಣ್ಣೆ ಸುರಿಯುವ ಮೂರು ಬೋಂಡಗಳು ಮುಂದೆ ಬಂದವು. ಪ್ರಾಪ್ತಿ ಕಿಸಕ್ಕೆಂದಳು. "ನಾನು ಇದನ್ನೇ ಹೇಳಿದ್ದು" ಎಂದು ಮುಂಡಪ್ಪನವರು ನಾಲಗೆ ಸುಟ್ಟುಕೊಂಡು ತಿಂದರು.

ಅರಮನೆಯ ಅಂಗಳದಲ್ಲಿ ಜನವೋ ಜನ. ಶಶಿಪ್ರಭಾ ಹೇಗೋ ನುಸುಳಿ ಮುಂದೆ ಜಾಗ ಹಿಡಿದರು. ಕಣ್ಣು ಮಿಟುಕಿಸಿದರೆ ಎಲ್ಲಿ ತಪ್ಪಿಹೋಗುತ್ತದೋ ಎಂಬ ಭಯ ಅವರಿಗೆ. ಆದರೆ ಮುಂಡಪ್ಪನವರಿಗೆ ಸುಮ್ಮನೆ ನಿಂತು ಅಭ್ಯಾಸವಿಲ್ಲ. ಸೆಕ್ಯುರಿಟಿಯವರೊಬ್ಬರನ್ನು ಹಿಡಿದರು.

"ಸ್ವಾಮಿ, ಲೈಟ್ ಮತ್ತೆ ಹಾಕ್ತಾರಲ್ಲ?"

"ಮತ್ತೆಲ್ಲ ಹಾಕಲ್ಲ ಸಾರ್. ಒಂದೇ ಸಲ."

ಮುಂಡಪ್ಪನವರು ಗಡಿಯಾರ ನೋಡಿಕೊಂಡರು. ಆ ಒಂದು ಸಲ ತಾವು ಬೋಂಡ ತಿನ್ನುವಾಗಲೇ ಆಗಿಹೋಯಿತಲ್ಲ! ಆಕಾಶದಲ್ಲಿ ಇನ್ನೂ ಬೆಳಕಿರುವಾಗ ಯಾರು ಲೈಟು ಹಾಕುತ್ತಾರೆ ಎಂಬ ಪ್ರಶ್ನೆ ಅವರಿಗೆ ಹೊಳೆಯಲೇ ಇಲ್ಲ.

"ಶಶಿ, ಹೊರಡು. ಇನ್ನು ಮತ್ತೆ ಹಾಕುವುದಿಲ್ಲವಂತೆ."

"ಯಾರು ಹೇಳಿದ್ದು?"

"ಸೆಕ್ಯುರಿಟಿಯವರೇ. ಕನ್ನಡದಲ್ಲಿ ಕೇಳಿದ್ದೇನೆ ಮಾರಾಯ್ತಿ."

"ಹಾಗಾದ್ರೆ ಇಷ್ಟು ಜನ ಎಂತಕ್ಕೆ ನಿಂತದ್ದು?"

"ಪಾಪ, ಅವರಿಗೆ ಗೊತ್ತಿಲ್ಲ."

ಗೊತ್ತಿಲ್ಲದವರಿಗೆ ತಿಳಿಸುವುದು ಧರ್ಮ. ಪಕ್ಕದಲ್ಲಿದ್ದ ಮೈಸೂರಿನ ದಂಪತಿಗೆ ಮುಂಡಪ್ಪನವರು "ಲೈಟ್ ಮತ್ತೆ ಹಾಕುವುದಿಲ್ಲವಂತೆ" ಎಂದರು.

"ಗೊತ್ತು ಸಾರ್. ಅದಕ್ಕೇ ಬೇಗ ಬಂದು ನಿಂತಿರೋದು."

ಇಂಥ ಪೆದ್ದರನ್ನು ಮುಂಡಪ್ಪನವರು ಇಡೀ ಬಂಟ್ವಾಳ ತಾಲೂಕಿನಲ್ಲಿ ಕಂಡಿರಲಿಲ್ಲ.

ಆದರೆ ಅವರ ಹಿಂದೆ ನಮ್ಮ ಕಡೆಯ ಬೆಳುವಾಯಿಯಿಂದ ಬಂದ ಒಂದು ಬಸ್ಸು ಹೆಂಗಸರಿದ್ದರು. ಅವರಿಗೆ ಮಾತು ಸರಿಯಾಗಿ ಅರ್ಥವಾಯಿತು. "ಹೌದಾ ಮಾರಾಯ್ರೆ? ಇಷ್ಟು ದೂರ ಬಂದದ್ದು ದಂಡ ಆಯ್ತಲ್ಲ" ಎಂದು ಅವರ ಮುಂದಾಳು ವಾರಿಜಾಕ್ಷಿ ಚೀಲ ಹೆಗಲಿಗೇರಿಸಿದರು. ದಂಡು ಹೊರಟಿತು. ಮುಂದೆ ದಂಡನಾಯಕ ಮುಂಡಪ್ಪನವರು, ಹಿಂದೆ ಸಮಸ್ತ ಬೆಳುವಾಯಿ, ಕಟ್ಟಕಡೆಗೆ ಶಶಿಪ್ರಭಾ. ಅವರು ಮಾತ್ರ ಗೇಟಿಗೆ ಬೆನ್ನು ಹಾಕಿ, ಮಗಳ ಕೈ ಹಿಡಿದು, ಅರಮನೆಯನ್ನೇ ನೋಡುತ್ತ ಹಿಂದಹಿಂದಕ್ಕೆ ನಡೆಯುತ್ತಿದ್ದರು. ಅಂಥ ಗಂಡನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಅಷ್ಟು ಜಾಗ್ರತೆ ಬಂದೇ ಬರುತ್ತದೆ.

ಗೇಟು ಇನ್ನೇನು ಬಂತು ಎನ್ನುವಾಗ ಬೆನ್ನ ಹಿಂದೆ "ಹೋ" ಎಂಬ ಕೂಗೆದ್ದಿತು. ಎದುರಿನ ನೆಲ, ಗೇಟು, ಮುಂಡಪ್ಪನವರ ಬಿಳಿ ಅಂಗಿಯ ತೋಳು, ಎಲ್ಲ ಬಂಗಾರದ ಬಣ್ಣಕ್ಕೆ ತಿರುಗಿತು. ಅವರು ತಿರುಗಿ ನೋಡುವಾಗ ಅರಮನೆಯ ದೀಪಗಳೆಲ್ಲ ಹೊತ್ತಿ ಆಗಿತ್ತು.

"ಎಂತ ಜನ ಮಾರಾಯ್ರೆ ನೀವು" ಎಂದರು ವಾರಿಜಾಕ್ಷಿ. ಉಳಿದ ಹೆಂಗಸರು ಚೀಲ ಕೆಳಗಿಟ್ಟು ಅವರನ್ನು ಸುತ್ತುವರಿದರು. ಮುಂಡಪ್ಪನವರು ಸೆಕ್ಯುರಿಟಿಯವರ ಬಳಿಗೆ ಓಡಿದರು.

"ಸ್ವಾಮಿ, ಪಾಪ, ದೂರದಿಂದ ಬಂದವರು. ಒಮ್ಮೆ ಆಫ್ ಮಾಡಿ ಮತ್ತೆ ಹಾಕ್ಲಿಕ್ಕೆ ಆಗ್ತದಾ?"

"ಮತ್ತೆ ಹಾಕಲ್ಲ ಅಂತ ಆಗ್ಲೇ ಹೇಳಿದ್ನಲ್ಲ ಸಾರ್."

ಮುಂಡಪ್ಪನವರ ಟ್ಯೂಬ್‌ಲೈಟು ಹೊತ್ತಿದ್ದು ಆಗ. ಇಲ್ಲಿಯವರ 'ಮತ್ತೆ' ಎಂದರೆ 'ಇನ್ನೊಮ್ಮೆ'.

ಸದ್ದಿಲ್ಲದೆ ಹೆಂಡತಿಯ ಪಕ್ಕ ಹೋಗಿ ನಿಂತರು. ಶಶಿಪ್ರಭಾ ಇದ್ದಲ್ಲೇ ಇದ್ದರು. ಕಣ್ಣಲ್ಲಿ ನೀರು, ಮುಖದ ತುಂಬ ನಗು. ಅಂದು ಬಸ್ಸಿನೊಳಗೆ ಕೇಳಿದ್ದ "ಹೋ" ಇಂದು ಅವರ ಬಾಯಿಂದಲೇ ಹೊರಟಿತ್ತು.

"ಹೊತ್ತುವಾಗ ಹೇಗಿತ್ತು ಶಶಿ? ಸ್ವಲ್ಪ ಹೇಳು."

"ಮತ್ತೆ ಹೇಳ್ತೇನೆ" ಎಂದರು ಶಶಿಪ್ರಭಾ, ಅರಮನೆಯಿಂದ ಕಣ್ಣು ಕೀಳದೆ. "ಈಗ ಮಾತೆಲ್ಲ ನನಗೆ ಬಿಟ್ಟು ನೀವು ಬಾಯಿ ಮುಚ್ಚಿ ಇರಿ."