ಚನ್ನವೀರಯ್ಯನವರ ದುರ್ಬೀನಿಗೆ ವಿಮೆ

ಗುಬ್ಬಿಯ ಚನ್ನವೀರಯ್ಯನವರಿಗೆ ಈ ಲೋಕದ ಮೇಲಿದ್ದದ್ದು ಒಂದೇ ದೂರು. ತಾವು ಹುಟ್ಟು ಬೇಟೆಗಾರರು ಎಂಬ ಸತ್ಯ ಯಾರ ಗಮನಕ್ಕೂ ಬಂದಿರಲಿಲ್ಲ. (ಅದುವರೆಗೆ ಅವರು ಒಂದು ಇಲಿಯನ್ನೂ ಹೊಡೆದಿರಲಿಲ್ಲ ಎನ್ನುವುದು ನಿಜ. ಆದರೆ ಅವಕಾಶ ಸಿಗದ ತಪ್ಪು ಅವರದಲ್ಲವಲ್ಲ!) ಪೇಟೆ ಬೀದಿಯಲ್ಲಿ ಅವರದು ಗ್ರಂಥಿಗೆ ಅಂಗಡಿ. ವಿಭೂತಿ ಗಟ್ಟಿ, ರುದ್ರಾಕ್ಷಿ, ಧೂಪ, ಅಳಲೆಕಾಯಿ, ಹಿಪ್ಪಲಿ. ಅಂಥ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಹಣೆತುಂಬ ವಿಭೂತಿ ಬಳಿದುಕೊಂಡು ಕೂತವರ ಎದೆಯೊಳಗೆ ಸಿಂಹವೊಂದು ಅಡ್ಡಾಡುತ್ತಿದೆ ಎಂದು ಹೇಳಿದರೆ ನಂಬುವವರಾರು?

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವರು ಒಂದು ಚಿಟಿಕೆ ಸಾಂಬ್ರಾಣಿಯನ್ನು ಕೆಂಡಕ್ಕೆ ಹಾಕಿ ಗೋಡೆಗೆ ಒರಗುತ್ತಿದ್ದರು. ಹೊಗೆ ಎದ್ದು ತೊಲೆಯವರೆಗೆ ಹೋಗುತ್ತಿತ್ತು. ಆ ಹೊಗೆಯೊಳಗೆ ಸೊಂಟದೆತ್ತರದ ಹುಲ್ಲು ಕಾಣುತ್ತಿತ್ತು, ಹುಲ್ಲಿನಾಚೆ ಕೆಂಪು ಸಂಜೆ, ಸಂಜೆಯೊಳಗೆ ನಿಧಾನವಾಗಿ ಸಾಗುವ ಜಿರಾಫೆಗಳು. ಚನ್ನವೀರಯ್ಯನವರು ಉಸಿರು ಬಿಗಿಹಿಡಿದು ಗುರಿ ಇಡುತ್ತಿದ್ದರು. ಅಷ್ಟರಲ್ಲಿ ಯಾರೋ ಬಂದು, "ಎರಡು ರೂಪಾಯಿ ಕರ್ಪೂರ ಕೊಡಿ" ಎನ್ನುತ್ತಿದ್ದರು. ಜಿರಾಫೆಗಳು ಪಾರಾಗುತ್ತಿದ್ದವು.

ಹಾಗಂತ ಕೋವಿ ಇರಲಿಲ್ಲವೆಂದಲ್ಲ. ತಾತನ ಕಾಲದ ಜೋಡಿನಳಿಗೆಯ ಕೋವಿ ಇತ್ತು. ನಿಟ್ಟೂರಿನ ಹತ್ತಿರದ ತೋಟಕ್ಕೆ ಹಂದಿ ನುಗ್ಗದಿರಲೆಂದು ತಾತ ಲೈಸೆನ್ಸ್ ಮಾಡಿಸಿದ್ದರು. ಈಗ ಅದು ನಡುಮನೆಯ ಗೋಡೆಯಲ್ಲಿ ತೂಗುತ್ತಿತ್ತು. ಎಲೆಕ್ಷನ್ ಬಂದಾಗ ಎಲ್ಲರ ಕೋವಿಯಂತೆ ಅದೂ ಠಾಣೆಗೆ ಹೋಗಿ ಠೇವಣಿಯಾಗಿ, ಮುಗಿದ ಮೇಲೆ ಮನೆಗೆ ಬರುತ್ತಿತ್ತು. ಅದು ಕಂಡ ತೀರ್ಥಯಾತ್ರೆ ಅಷ್ಟೇ.

ಹೀಗಿರಲು ಎರಡು ಸಾವಿರದ ಒಂದನೇ ಇಸವಿಯಲ್ಲಿ ಅವರ ಭಾಗ್ಯದ ಬಾಗಿಲು ತೆರೆಯಿತು. ತುಮಕೂರಿನಲ್ಲಿ ಓದುವಾಗ ಒಂದೇ ಬೆಂಚಿನಲ್ಲಿ ಕೂತಿದ್ದ ಕುಣಿಗಲ್ಲಿನ ತಾರಿಖ್, ಈಗ ಆಫ್ರಿಕಾದ ಟಾಂಜಾನಿಯಾದಲ್ಲಿ ಮೋಟಾರು ಬಿಡಿಭಾಗಗಳ ದೊಡ್ಡ ವ್ಯಾಪಾರಿ. ತಂಗಿಯ ಮಗಳು ಅಂಬ್ರೀನಳ ಮದುವೆಗೆಂದು ಊರಿಗೆ ಬಂದವನು ಗುಬ್ಬಿಗೂ ಬಂದ. ಕೈಯಲ್ಲಿ ಒಂದು ಭರ್ಜರಿ ದುರ್ಬೀನು.

"ಇದು ನಿಂಗೆ ಕಣೋ ಚನ್ನ. ಬರೋ ವರ್ಷ ನಮ್ಮೂರ್ಗೆ ಬಾ. ಅಲ್ಲಿ ಸರ್ಕಾರದ ಪರ್ಮಿಟ್ ತಗೊಂಡು ಬೇಟೆ ಮಾಡಿಸೋ ಕಂಪನಿಗಳವೆ. ತಾತನ ಕೋವೀನೂ ತಗೊಂಬಾ, ಕಾಗದ ಪತ್ರ ಎಲ್ಲಾ ನಾನ್ ನೋಡ್ಕೋತೀನಿ. ಒಂದೇ ಒಂದು ಕಂಡೀಷನ್ನು. ಕೋವಿಗೂ ದುರ್ಬೀನಿಗೂ ಇನ್ಶೂರೆನ್ಸ್ ಇರ್ಬೇಕು. ಇಲ್ದಿದ್ರೆ ಕಂಪನಿಯೋರು ಕಾಡೊಳಗೆ ಕಾಲಿಡಕ್ಕೆ ಬಿಡಲ್ಲ."

ಅಂದಿನಿಂದ ಚನ್ನವೀರಯ್ಯನವರು ಭೂಮಿಯ ಮೇಲೆ ನಡೆಯಲಿಲ್ಲ. ಸಂಜೆ ಅಂಗಡಿ ಮುಚ್ಚಿದ್ದೇ ದುರ್ಬೀನು ಹಿಡಿದು ಮಾಳಿಗೆ ಹತ್ತುತ್ತಿದ್ದರು. ಊರಾಚೆಯ ಕೆರೆಯತ್ತ ತಿರುಗಿಸಿ ಕಣ್ಣಿಗಿಟ್ಟರೆ, ಆಹಾ! ಅದು ಗುಬ್ಬಿ ಕೆರೆಯೇ ಅಲ್ಲ. ಎಲ್ಲ ಹಾಲಿನಂಥ ಮಂಜು. ಮಂಜಿನಲ್ಲಿ ತೇಲುವ ಮರಗಳು, ಮರದ ಬುಡದಲ್ಲಿ ಮೆಲ್ಲನೆ ಕದಲುವ ಕಪ್ಪು ಕಪ್ಪು ದೇಹಗಳು, ಎಲ್ಲದರ ಸುತ್ತ ಕಾಮನಬಿಲ್ಲಿನ ಒಂದು ಅಂಚು. ವಿದೇಶಿ ಗಾಜಿನ ಮಹಿಮೆಯೇ ಮಹಿಮೆ ಎಂದು ಅವರು ಬೆರಗಾದರು. ಕತ್ತಲಾದರೂ ಕೆಳಗಿಳಿಯಲು ಮನಸ್ಸಾಗುತ್ತಿರಲಿಲ್ಲ. ಜೀವನದಲ್ಲಿ ಅಷ್ಟು ಸುಖ ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಈ ಸುಖಕ್ಕೆ ಇದ್ದ ಏಕೈಕ ವಿರೋಧಪಕ್ಷವೆಂದರೆ ಧರ್ಮಪತ್ನಿ ಬಸವಲಿಂಗಮ್ಮ.

"ಏನ್ರೀ, ಕೊರಳಲ್ಲಿ ಲಿಂಗ, ಹೆಗಲಲ್ಲಿ ಕೋವಿ. ನಾಚ್ಕೆ ಆಗಲ್ವಾ?"

"ನಾನೇನ್ ಕೊಲ್ಲಕ್ಕೆ ಹೋಗ್ತೀನಾ? ಗುರಿ ಇಡ್ತೀನಿ ಅಷ್ಟೆ."

"ಗುರಿ ಇಡಕ್ಕೆ ಆಫ್ರಿಕಾಕ್ಕೆ ಯಾಕೋಗ್ಬೇಕು? ತೆಂಗಿನಮರಕ್ಕಿಡಿ."

"ಬೇಟೆ ಅಂದ್ರೆ ರಾಜರ ವಿದ್ಯೆ ಕಣೇ. ನಿಂಗರ್ಥ ಆಗಲ್ಲ ಬುಡು."

"ಕೊಂದ ಪಾಪ ತಿಂದ್ರೆ ಪರಿಹಾರ ಅಂತಾರೆ. ನೀವು ತಿನ್ನೋರೂ ಅಲ್ಲ. ಆ ಪಾಪನ ತಂದು ಎಲ್ಲಿಡ್ತೀರಿ? ನನ್ನ ಅಡಿಗೆಮನೇಲಂತೂ ಜಾಗ ಇಲ್ಲ."

ಚನ್ನವೀರಯ್ಯನವರು ದುರ್ಬೀನು ಎತ್ತಿಕೊಂಡು ಮಾಳಿಗೆ ಹತ್ತಿದರು. ಮೇಲೆ ಉತ್ತರಗಳ ಅಗತ್ಯವಿರಲಿಲ್ಲ.

ತುಮಕೂರಿನ ವಿಮಾ ಕಚೇರಿಗೆ ಅವರು ಅರ್ಜಿ ಹಾಕಿದ್ದಾಯಿತು. ಅಲ್ಲಿನ ಗುಮಾಸ್ತರು ಎಮ್ಮೆಗೆ, ಟ್ರ್ಯಾಕ್ಟರಿಗೆ, ಪಂಪ್‌ಸೆಟ್ಟಿಗೆ ವಿಮೆ ಕಂಡಿದ್ದರೇ ಹೊರತು ಗ್ರಂಥಿಗೆ ಅಂಗಡಿಯವರ ಸಿಂಹದ ಬೇಟೆಗೆ ಕಂಡಿರಲಿಲ್ಲ. ಒಬ್ಬರಿಗೊಬ್ಬರು ತೋರಿಸಿ ಓದಿಕೊಂಡರು. ಕೊನೆಗೆ, ಅಡವಿಯಪ್ಪ ಎಂಬ ಅಧಿಕಾರಿ ಗುರುವಾರ ಖುದ್ದಾಗಿ ಬಂದು ಸಾಮಾನುಗಳನ್ನು ಪರೀಕ್ಷಿಸುತ್ತಾರೆ, ಸ್ಥಿತಿ ಚೆನ್ನಾಗಿದ್ದರೆ ಮಾತ್ರ ಪಾಲಿಸಿ ಎಂದು ತಿಳಿಸಿದರು.

"ಗುರುವಾರ ನೋಡಕ್ಕೆ ಬರ್ತಾರಂತೆ," ಎಂದು ಚನ್ನವೀರಯ್ಯನವರು ಮನೆಯಲ್ಲಿ ಹೇಳಿದ್ದೇ ತಡ, ಬಸವಲಿಂಗಮ್ಮನವರ ಧೋರಣೆ ಒಮ್ಮೆಲೇ ಬದಲಾಯಿತು. ಅವರು ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವರು. 'ನೋಡಲು ಬರುತ್ತಾರೆ' ಎಂಬ ಮಾತು ಕಿವಿಗೆ ಬಿದ್ದರೆ ಆ ಜೀವ ಸುಮ್ಮನಿರದು. ಬೇಟೆ ಪಾಪವೋ ಪುಣ್ಯವೋ ಆಮೇಲಿನ ಮಾತು. ತಮ್ಮ ಮನೆಯ ವಸ್ತುವೊಂದನ್ನು ಪರರು ನೋಡಿ ಒಲ್ಲೆ ಎಂದು ಎದ್ದುಹೋಗುವುದೆಂದರೇನು? ಹೆಂಡತಿ ವಿರೋಧಿಸುತ್ತಿದ್ದಷ್ಟು ದಿನ ಯಾವ ಅಪಾಯವೂ ಇರಲಿಲ್ಲ. ಈಗ ಅವರು ಸಹಾಯಕ್ಕೆ ನಿಂತರು.

ಗುರುವಾರ ಬೆಳಿಗ್ಗೆಯೇ ಮನೆಯ ಮುಂದೆ ರಂಗೋಲಿ ಬಿತ್ತು. ಒಳಗೆ ಉಪ್ಪಿಟ್ಟು, ಕೇಸರಿಬಾತಿನ ಘಮ. ಅಡವಿಯಪ್ಪನವರು ಬಸ್ಸಿಳಿದು ಬಂದು ಕೂತರು. ಸಣಕಲು ಮನುಷ್ಯ, ಬಗಲಲ್ಲಿ ಚೀಲ, ಮುಖದಲ್ಲಿ ಲೋಕದ ಯಾವ ವಸ್ತುವೂ ಸುಸ್ಥಿತಿಯಲ್ಲಿಲ್ಲ ಎಂಬ ದುಗುಡ. ಎರಡು ಸಲ ಕೇಸರಿಬಾತು ಬಡಿಸಿದ ಮೇಲೆ ಆ ದುಗುಡ ಸ್ವಲ್ಪ ಕರಗಿತು.

"ಎಲ್ಲಿ ತೋರ್ಸಿ ಅಮ್ಮಾ," ಎಂದರು.

ಬಸವಲಿಂಗಮ್ಮ ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ತಂದು ಚಾಪೆಯ ಮೇಲಿಟ್ಟರು. ನಳಿಗೆಗೆ ಎಣ್ಣೆ ಹಚ್ಚಿ ಫಳಫಳ ಉಜ್ಜಿದ್ದರು. ಹಿಡಿಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಗುಂಡು ಹಾರಿಸುವ ಕುದುರೆಗೆ ಒಂದು ಎಳೆ ಮಲ್ಲಿಗೆ. ಅಡವಿಯಪ್ಪ ಹೂ ಸರಿಸಿ, ಕುದುರೆ ಎಳೆದು, ನಳಿಗೆಯೊಳಗೆ ಇಣುಕಿ, "ಪರವಾಗಿಲ್ಲ, ಲಕ್ಷಣವಾಗದೆ" ಎಂದರು. ಚನ್ನವೀರಯ್ಯನವರಿಗೆ ಮಗಳು ಒಪ್ಪಿಗೆಯಾದಷ್ಟು ಆನಂದವಾಯಿತು.

ಆಮೇಲೆ ದುರ್ಬೀನು ಬಂತು.

"ಇದೂ ಬೋ ಕೊಳೆಯಾಗಿತ್ತು ಸಾರ್," ಎಂದರು ಬಸವಲಿಂಗಮ್ಮ ಹೆಮ್ಮೆಯಿಂದ. "ಗಾಜಿನ ಮೇಲೆ ನೇರಳೆ ಬಣ್ಣದ್ದು ಎಂಥದೋ ಪಾಚಿ ಕಟ್ಟಿತ್ತು. ವಿಭೂತಿ ಜರಡಿ ಹಿಡಿದು, ಹತ್ತಿಸೀರೆ ತುಂಡಲ್ಲಿ ಮೆತ್ತಗೆ ಉಜ್ಜಿದೆ. ಪೂರ್ತಿ ಹೋಗ್ಲಿಲ್ಲ."

ಆ ನೇರಳೆ ಲೇಪವೇ ಈ ಗಾಜಿನ ಪ್ರಾಣ ಎಂದು ತಾರಿಖ್ ಸಾರಿ ಸಾರಿ ಹೇಳಿದ್ದ. ಚನ್ನವೀರಯ್ಯನವರು ದುರ್ಬೀನನ್ನು ಕಸಿದುಕೊಂಡು ಮಾಳಿಗೆಗೆ ಓಡಿದರು. ಹಿಂದೆಯೇ ಬಸವಲಿಂಗಮ್ಮ, ಅವರ ಹಿಂದೆ ಚೀಲ ಸಮೇತ ಅಡವಿಯಪ್ಪ. ಕೆರೆಯತ್ತ ತಿರುಗಿಸಿ ಕಣ್ಣಿಗಿಟ್ಟರು. ಮಂಜು! ಬರೀ ಮಂಜು!

"ಹಾಳ್ಮಾಡ್ಬುಟ್ಟಲ್ಲೇ! ನನ್ನ ಆಫ್ರಿಕಾಕ್ಕೆ ವಿಭೂತಿ ಬಳಿದ್ಬುಟ್ಟಲ್ಲೇ!" ಎಂದು ಹೆಂಡತಿಯತ್ತ ತಿರುಗಿದರು. ಹುಲ್ಲು, ಕೆಂಪು ಸಂಜೆ, ಜಿರಾಫೆ, ಎಲ್ಲವೂ ಒಂದು ಹಿಡಿ ಬೂದಿಯಲ್ಲಿ ಮುಗಿದುಹೋಗಿದ್ದವು. "ಸಾರ್, ಇದಕ್ಕೆ ಪರಿಹಾರ ಸಿಗುತ್ತಾ?"

"ಪಾಲಿಸೀನೇ ಆಗಿಲ್ವಲ್ರೀ ಇನ್ನೂ," ಎಂದರು ಅಡವಿಯಪ್ಪ. "ಆಗಿದ್ರೂ ಸಿಕ್ತಿರ್ಲಿಲ್ಲ. ಕಳ್ಳತನಕ್ಕೆ ಕೊಡ್ತೀವಿ, ಬೆಂಕಿಗೆ ಕೊಡ್ತೀವಿ. ತೊಳ್ಯೋವಾಗ ಉಜ್ಜೋವಾಗ ಕೆಟ್ರೆ ಕೊಡಲ್ಲ."

"ಅಂದ್ರೆ ಮನೇನ ಗಲೀಜಾಗಿ ಇಟ್ಕೊಂಡಿರೋರ್ಗೇ ದುಡ್ಡು ಕೊಡ್ತೀರಾ?" ಬಸವಲಿಂಗಮ್ಮ ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು. ಒಳ್ಳೆಯದು ಮಾಡಲು ಹೋಗಿ ಬೈಸಿಕೊಂಡ ನೋವು ಅದು.

ಅಡವಿಯಪ್ಪ ದುರ್ಬೀನು ತೆಗೆದುಕೊಂಡು ಕಣ್ಣಿಗಿಟ್ಟರು. ಅತ್ತ ಇತ್ತ ತಿರುಗಿಸಿದರು. ಬಹಳ ಹೊತ್ತು ನೋಡಿದರು.

"ಏರಿ ಮೇಲೊಂದು ಕೊಕ್ಕರೆ ಒಂಟಿ ಕಾಲಲ್ಲಿ ನಿಂತದೆ," ಎಂದರು. "ಬಾಯಲ್ಲಿ ಮೀನಿದೆ. ಚಿಕ್ಕದು."

"ಎಲ್ಲಿ ಕೊಡಿ," ಎಂದು ಬಸವಲಿಂಗಮ್ಮ ಇಸಿದುಕೊಂಡರು. "ಅಯ್ಯೋ ಶಿವನೇ! ಅಗೋ ಆ ಬಸ್ಸಿನ ಬೋರ್ಡು ಕಾಣ್ತದೆ, ಕಡಬ ಅಂತ! ಅಲ್ನೋಡಿ, ಸಿದ್ದಲಕ್ಷ್ಮಮ್ಮ ಬಟ್ಟೆ ಒಗೀತಾವ್ಳೆ. ಆ ಸೀರೆ ನಂದು! ವರ್ಷ ಆಯ್ತು ಇಸ್ಕೊಂಡೋಗಿ!"

ಅಡವಿಯಪ್ಪ ನಿಧಾನವಾಗಿ ಚನ್ನವೀರಯ್ಯನವರ ಕಡೆ ತಿರುಗಿ, ಗದ್ದ ಹಿಡಿದೆತ್ತಿ, ಕೋವಿಯ ನಳಿಗೆಯನ್ನು ನೋಡಿದಷ್ಟೇ ಶ್ರದ್ಧೆಯಿಂದ ಅವರ ಕಣ್ಣೊಳಗೆ ಇಣುಕಿದರು.

"ಯಜಮಾನ್ರೆ, ಗಾಜು ಚೆನ್ನಾಗದೆ. ನಿಮ್ಮ ಎರಡೂ ಕಣ್ಣಿಗೆ ಪೊರೆ ಬಂದದೆ. ಈ ಮಂಜು ಇವತ್ತಿಂದೇನಾ?"

ಚನ್ನವೀರಯ್ಯನವರು ಯೋಚಿಸಿದರು. ಇಲ್ಲ, ಇವತ್ತಿನದಲ್ಲ. ದುರ್ಬೀನು ಬಂದ ಮೊದಲ ಸಂಜೆಯೂ ಹಾಗೇ ಇತ್ತು. ಅಂಗಡಿಯ ದೀಪ ಮಂಕಾಗಿ ಗುಬ್ಬಿಯ ವೋಲ್ಟೇಜಿಗೆ ಶಾಪ ಹಾಕುತ್ತಿದ್ದದ್ದು ಅದಕ್ಕೂ ಮೊದಲು. ಚಂದ್ರನ ಸುತ್ತ ಎರಡು ಬಳೆ ಕಂಡು ಈ ವರ್ಷ ಒಳ್ಳೆ ಮಳೆ ಎಂದು ಊರೆಲ್ಲ ಸಾರಿದ್ದರು.

"ನಂಗೆ ಮೊದ್ಲಿಂದ್ಲೂ ಹಂಗೇ ಕಾಣ್ತಿತ್ತು ಕಣೇ," ಎಂದರು ಮೆಲ್ಲಗೆ. "ಬೋ ಚೆನ್ನಾಗಿತ್ತು."

ಬಸವಲಿಂಗಮ್ಮನವರಿಗೆ ಬೈಯಲು ಇದಕ್ಕಿಂತ ಒಳ್ಳೆಯ ಅವಕಾಶ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಆದರೂ ಅವರು ಬೈಯಲಿಲ್ಲ. ಗಂಡನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹೇಳುತ್ತಾ ಕೆಳಗಿಳಿಸಿದರು.

ಅಡವಿಯಪ್ಪ ಚೀಲ ಮುಚ್ಚುತ್ತಾ ತೀರ್ಪು ಕೊಟ್ಟರು. "ಕೋವಿ ಚೆನ್ನಾಗದೆ, ದುರ್ಬೀನು ಚೆನ್ನಾಗದೆ, ಎರಡಕ್ಕೂ ಪಾಲಿಸಿ ಕೊಡ್ಬಹುದು. ಆದ್ರೆ ಈ ಕಣ್ಣಿಟ್ಕೊಂಡು ಇವ್ರು ಕೋವಿ ಹಿಡಿದ್ರೆ, ವಿಮೆ ಮಾಡಿಸ್ಬೇಕಾಗಿರೋದು ಕೋವಿಗಲ್ಲಮ್ಮ, ಸುತ್ತಮುತ್ತ ನಿಂತಿರೋರ್ಗೆ. ಕೋವಿ ಗೋಡೇಲೇ ಇರ್ಲಿ."

ತುಮಕೂರಿನಲ್ಲಿ ಆಪರೇಷನ್ ಆಯಿತು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಆಪರೇಷನ್ನಿಗೆ ಮೊದಲು ರಕ್ತ ಪರೀಕ್ಷೆ ಮಾಡಿದಾಗ ಸಕ್ಕರೆ ಕಾಯಿಲೆಯೂ ಪತ್ತೆಯಾಯಿತು. ಕೋವಿ ಭುಜಕ್ಕೆ ಒದ್ದರೆ ಕಣ್ಣಿಗೆ ಆಗಬಹುದೇ ಎಂದು ಕೇಳಿದ್ದಕ್ಕೆ ಡಾಕ್ಟರು, "ಈ ವಯಸ್ಸಲ್ಲಿ ಕೋವಿ ಯಾಕ್ರೀ ಬೇಕು? ಸಿಹಿ ಬಿಡಿ ಮೊದ್ಲು" ಎಂದು ಎರಡನ್ನೂ ಒಂದೇ ಏಟಿಗೆ ಹೊಡೆದರು. ತಾರಿಖ್ ಫೋನಿನಲ್ಲಿ ಮರುಗಿದ. ಆಫ್ರಿಕಾ ಇದ್ದಲ್ಲೇ ಉಳಿಯಿತು.

ಕಪ್ಪು ಕನ್ನಡಕ ತೆಗೆದ ದಿನ ಚನ್ನವೀರಯ್ಯನವರು ಮಾಳಿಗೆ ಹತ್ತಿ ನೋಡಿದರು. ಗುಬ್ಬಿ ಕೆರೆ ಗುಬ್ಬಿ ಕೆರೆಯಂತೆಯೇ ಇತ್ತು. ಎಮ್ಮೆಗಳು ಎಮ್ಮೆಗಳೇ ಆಗಿದ್ದವು. ಅವರಿಗೆ ತುಂಬಾ ದುಃಖವಾಯಿತು. ದುರ್ಬೀನನ್ನು ಹೆಂಡತಿಯ ಕೈಗೆ ಕೊಟ್ಟು, "ನೀನೇ ಇಟ್ಕೊ" ಎಂದು ಇಳಿದುಹೋದರು. ಅದು ಅವರು ಬಾಳಿನಲ್ಲಿ ಮಾಡಿದ ದೊಡ್ಡ ತಪ್ಪು.

ಬಸವಲಿಂಗಮ್ಮ ಇಟ್ಟುಕೊಂಡರು. ಅಡವಿಯಪ್ಪನವರನ್ನು ಮತ್ತೆ ಕರೆಸಿ ತಮ್ಮ ಹೆಸರಿನಲ್ಲೇ ಅದಕ್ಕೆ ವಿಮೆ ಮಾಡಿಸಿದರು. ಮನೆಯ ಫೋನಿನ ತಂತಿಯನ್ನೂ ಮಾಳಿಗೆಯವರೆಗೆ ಎಳೆಸಿದರು. ಸಂಜೆ ಅವರು ಮಾಳಿಗೆ ಹತ್ತಿದರೆ ಸಿದ್ದಲಕ್ಷ್ಮಮ್ಮ ಕೆರೆಯ ಕಡೆ ಬರುವುದೇ ಇಲ್ಲ.

ಮೊನ್ನೆ ಚನ್ನವೀರಯ್ಯನವರು ಅಂಗಡಿ ಮುಚ್ಚಿ ಸ್ವಲ್ಪ ಬಳಸುದಾರಿ ಹಿಡಿದರು. ಬಸ್ ಸ್ಟಾಂಡಿನ ಪಕ್ಕದ ನರಸಯ್ಯನ ಹೋಟೆಲಿನಲ್ಲಿ ಆಗ ತಾನೇ ಜಿಲೇಬಿ ಇಳಿಯುತ್ತಿತ್ತು. ಸುತ್ತ ಪರಿಚಯದವರಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಂದನ್ನು ಕೈಗೆತ್ತಿಕೊಂಡರು. ಬಿಸಿ ಪಾಕ ಬೆರಳಿಗಿಳಿಯಿತು. ಜಿಲೇಬಿ ಬಾಯಿಯ ಹತ್ತಿರ ಬಂತು. ಅಷ್ಟರಲ್ಲಿ ಗಲ್ಲಾದ ಮೇಲಿನ ಫೋನು ಬಡಿದುಕೊಂಡಿತು.

ನರಸಯ್ಯ ಎತ್ತಿ ಕೇಳಿಸಿಕೊಂಡು, ರಿಸೀವರಿಗೆ ಅಂಗೈ ಮುಚ್ಚಿ, "ಯಜಮಾನ್ರೆ, ಅಮ್ಮಾವ್ರು. ಕೈಲಿರೋದ್ನ ಕೆಳಗಿಡ್ಬೇಕಂತೆ" ಎಂದ.

ಚನ್ನವೀರಯ್ಯನವರು ತಿರುಗಿ ನೋಡಿದರು. ದೂರದಲ್ಲಿ ಹೆಂಚಿನ ಸೂರುಗಳಾಚೆ ತಮ್ಮ ಮನೆಯ ಮಾಳಿಗೆ. ಅದರ ಮೇಲೆ ಬಿಸಿಲಿಗೆ ಮಿನುಗುವ ಎರಡು ಗಾಜು. ಹೊಸ ಕಣ್ಣಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಾಡದೆ ನಿಂತರೆ ಬಿಟ್ಟುಬಿಡುತ್ತಾರೇನೋ ಎಂದು ಒಂದು ಗಳಿಗೆ ಉಸಿರು ಬಿಗಿಹಿಡಿದು ನಿಂತರು. ಫೋನಿನೊಳಗಿನ ದನಿ ಇನ್ನೂ ಜೋರಾಯಿತು. ಜಿಲೇಬಿಯನ್ನು ತಟ್ಟೆಗೆ ವಾಪಸು ಹಾಕಿದರು.

"ಏನಾಯ್ತು ಯಜಮಾನ್ರೆ?" ಎಂದ ನರಸಯ್ಯ.

"ಏನಿಲ್ಲ ಬುಡು," ಎಂದರು ಚನ್ನವೀರಯ್ಯನವರು ಬೆರಳು ಒರೆಸಿಕೊಳ್ಳುತ್ತಾ. "ಬೇಟೆ ಆಯ್ತು."