ಮೇಷ್ಟ್ರ ಮಹಡಿಯ ಬೆಲೆ

ತಮ್ಮ ಮನೆ ಪೇಟೆಯಲ್ಲಿ ಎಷ್ಟಕ್ಕೆ ಹೋಗಬಹುದೆಂಬ ಕುತೂಹಲ ಲೆಕ್ಕದ ಮೇಷ್ಟ್ರಿಗೆ ಹುಟ್ಟಿದ್ದು ನಿವೃತ್ತಿಯಾದ ಮೇಲೆ. ಕೆಲಸವಿಲ್ಲದ ತಲೆಗೆ ಕುತೂಹಲ ಒಳ್ಳೆಯದಲ್ಲ. ಆದರೆ ಅವರಿಗೆ ಹೇಳುವವರಾರು? (ಹೆಂಡತಿ ಹೇಳಿದ್ದರು. ಅದು ಲೆಕ್ಕಕ್ಕಿಲ್ಲ.)

ಅವರಿದ್ದದ್ದು ಹನ್ನೆರಡು ಕುಟುಂಬಗಳು ಕೂಡಿ ಕಟ್ಟಿಕೊಂಡ ವಸತಿಯಲ್ಲಿ. ಹನ್ನೆರಡು ಮನೆ, ಒಂದೇ ಅಂಗಳ, ಎಲ್ಲರಿಗೂ ಸೇರಿ ಒಂದು ದೊಡ್ಡ ಅಡುಗೆಮನೆ. ಬಿಟ್ಟುಹೋಗುವವರು ತಾವು ಕೊಟ್ಟ ಬೆಲೆಗೆ, ಊರಿನವರ ಸಂಬಳ ಏರಿದಷ್ಟನ್ನು ಮಾತ್ರ ಸೇರಿಸಿ ಮಾರಬೇಕು. ಪೇಟೆಯ ಬೆಲೆ ಕೇಳಕೂಡದು. ಹಾಗಾದರೆ ಮಾತ್ರ ನಾಳೆಯೂ ಒಬ್ಬ ನರ್ಸು, ಒಬ್ಬ ಬಸ್ ಚಾಲಕ ಇಲ್ಲಿ ಮನೆ ಕೊಳ್ಳಬಲ್ಲರು. ಈ ನಿಯಮ ಬರೆದವರು ಸಾಕ್ಷಾತ್ ಮೇಷ್ಟ್ರೇ; ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ.

ದಲ್ಲಾಳಿ ಬಂದ. ಕಿಟಕಿಯಿಂದ ಹೊರಗೆ ನೋಡಿ ಒಂದು ಅಂಕಿ ಉಸುರಿದ. ಮೇಷ್ಟ್ರು ಕುರ್ಚಿ ಹಿಡಿದುಕೊಂಡು ಕೂತರು.

“ಲೇ, ನಾವು ಶ್ರೀಮಂತರು ಕಣೇ!”

“ಮಂಡಿ ನೋವಲ್ಲಿ ಈ ಮೆಟ್ಟಿಲು ಹತ್ತೋಕಾಗಲ್ಲ ಅಂತ ವರ್ಷದಿಂದ ಬಡ್ಕೋತಿದೀನಿ. ಕೆಳಗಿನ ದರ್ಜಿ ಅಕ್ಕ ಮನೆ ಮಾರಿ ಮಗಳ ಹತ್ರ ಹೋಗ್ತಿದಾರೆ. ಅದನ್ನ ತಗೊಳ್ಳೋದು ಬಿಟ್ಟು…”

“ಅದೇ ಕಣೇ! ಸಭೇಲಿ ನಿಯಮ ತೆಗೆಸಿ ನಮ್ಮದನ್ನ ಪೇಟೆ ಬೆಲೆಗೆ ಮಾರೋದು, ಅವರದನ್ನ ನಿಯಮದ ಬೆಲೆಗೆ ಕೊಳ್ಳೋದು!”

“ರೀ, ನಿಯಮ ತೆಗೆದ್ಮೇಲೆ…”

“ನಿಂಗೆ ಲೆಕ್ಕ ತಿಳಿಯಲ್ಲ, ಸುಮ್ನಿರು.”

ಅಲ್ಲಿನ ಸಭೆ ನಡೆಯುವುದು ಅಡುಗೆಮನೆಯಲ್ಲಿ. ಭಾಷಣ ಬೆಳೆಯಬಾರದೆಂದು ಮಾತಾಡುವವರು ಈರುಳ್ಳಿ ಹೆಚ್ಚುತ್ತಲೇ ಮಾತಾಡಬೇಕೆಂಬ ಪದ್ಧತಿ. ಮೇಷ್ಟ್ರು ವ್ಯಕ್ತಿಸ್ವಾತಂತ್ರ್ಯ, ಶ್ರಮದ ಫಲ, ಇತ್ಯಾದಿ ಘನ ವಿಷಯಗಳ ಮೇಲೆ ಒಂಬತ್ತು ಈರುಳ್ಳಿ ಹೆಚ್ಚಿದರು. ಕಣ್ಣೀರು ಧಾರಾಕಾರ. ಅಷ್ಟು ವಯಸ್ಸಾದವರು ಅಳುತ್ತ ಕೇಳಿದರೆ ಇಲ್ಲವೆನ್ನುವುದು ಹೇಗೆ? ನಿಯಮ ರದ್ದಾಯಿತು. ವಿರೋಧವಾಗಿ ಎದ್ದ ಕೈಗಳು ಎರಡೇ: ದರ್ಜಿ ಅಕ್ಕನದು, ಮೇಷ್ಟ್ರ ಹೆಂಡತಿಯದು.

ಮಾರನೆಯ ದಿನ ಬೆಳಿಗ್ಗೆ ಮೇಷ್ಟ್ರು ಕೆಳಗಿನ ಮನೆಯ ಬಾಗಿಲು ತಟ್ಟಿದರು. ದರ್ಜಿ ಅಕ್ಕ ಹೊಲಿಗೆ ನಿಲ್ಲಿಸದೆ ಬೆಲೆ ಹೇಳಿದರು. ದಲ್ಲಾಳಿಯ ಅಂಕಿಗಿಂತ ಒಂದು ಕೈ ಮೇಲೆ.

“ಇದೇನು ಅಕ್ಕಾವ್ರೇ, ಅನ್ಯಾಯ!”

“ನೆಲಮಹಡಿ ಅಲ್ವಾ ಮೇಷ್ಟ್ರೇ. ಮಂಡಿ ನೋವಿರೋರು ಎಷ್ಟಾದ್ರೂ ಕೊಡ್ತಾರೆ ಅಂತ ನಿಮ್ಮ ದಲ್ಲಾಳೀನೇ ಹೇಳಿದ.”

ಮೇಲೆ ಹೆಂಡತಿ ಪ್ರತಿ ಮೆಟ್ಟಿಲಿಗೂ ಒಂದೊಂದು ನಿಟ್ಟುಸಿರು ಬಿಟ್ಟು ಹತ್ತುತ್ತಿದ್ದ ಸದ್ದು ಮೇಷ್ಟ್ರಿಗೆ ಕೇಳಿಸಿತು. ಹದಿನೆಂಟು ಮೆಟ್ಟಿಲು. ಅಷ್ಟನ್ನೂ ಎಣಿಸುತ್ತ ನಿಂತರು.

ಆ ವಾರವೇ ಮತ್ತೆ ಸಭೆ. ಹಳೆಯ ನಿಯಮ ಎಷ್ಟು ದೂರದೃಷ್ಟಿಯದು, ಅದನ್ನು ಬರೆದವರು ಎಂಥ ಮೇಧಾವಿ ಎಂದು ಮೇಷ್ಟ್ರು ವಿವರಿಸುತ್ತಿದ್ದರು. ಹೊಸದಾಗಿ ಸೇರಿದ್ದ ನರ್ಸು ನಡುವೆ ಕೇಳಿದಳು:

“ಸರ್, ಹೋದ ಸಲ ನಿಮ್ಮ ಮಾತು ನಂಬಿ ಕೈ ಎತ್ತಿದ್ದೆ. ಇವತ್ತಿನದು ನಿಮ್ಮ ಅಭಿಪ್ರಾಯಾನೋ, ಅಮ್ಮಾವ್ರ ಮಂಡಿಯದೋ?”

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಅವರು ಸೂರು ನೋಡುತ್ತಿದ್ದರು.

“ಮಂಡಿಯದು,” ಎಂದರು ಮೇಷ್ಟ್ರು.

“ಹಾಗಾದ್ರೆ ನಂಬಬಹುದು,” ಎಂದಳು ನರ್ಸು. ಹನ್ನೆರಡು ಮನೆಯ ಕೈಗಳೂ ಒಟ್ಟಿಗೆ ಎದ್ದವು.